ಬಂದರಿನಲ್ಲಿ ಮೊದಲ ಪಂಕ್ತಿ

ಪ್ರವಾಸ ಮಾಡುವುದಕ್ಕಿಂತ ಪ್ರವಾಸದ ಯೋಜನೆ ಹಾಕುವುದರಲ್ಲಿ ನನಗೆ ಹೆಚ್ಚು ಸುಖ. ಯೋಜನೆಯಲ್ಲಿ ಬಿಸಿಲು ಸುಡುವುದಿಲ್ಲ, ಚಪ್ಪಲಿ ಕಿತ್ತುಹೋಗುವುದಿಲ್ಲ, ರೈಲಿನಲ್ಲಿ ಕಿಟಕಿಯ ಪಕ್ಕದ ಜಾಗ ಯಾವಾಗಲೂ ನಮ್ಮದೇ. ಹುಬ್ಬಳ್ಳಿಯ ನಮ್ಮ ಮನೆಯ ಅಟ್ಟದ ಮೆಟ್ಟಿಲ ಮೇಲೆ ಕುಳಿತೇ ನಾನು ಕಾಶಿಗೂ ಕಾಶ್ಮೀರಕ್ಕೂ ಹೋಗಿ ಬಂದವಳು. ಎರಡೂ ಸಲ ಹಾಲು ಕಾಯಿಸುವ ಹೊತ್ತಿಗೆ ಮನೆಯಲ್ಲಿದ್ದೆ. ಆಗ ಧಾರವಾಡದ ಶಾಲೆಯೊಂದರಲ್ಲಿ ಹುಡುಗಿಯರಿಗೆ ಭೂಗೋಳ ಕಲಿಸುತ್ತಿದ್ದೆ. ಸಮುದ್ರ ಹೇಗಿರುತ್ತದೆಂದು ಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ತೋರಿಸುತ್ತಿದ್ದೆ. ಸಮುದ್ರವನ್ನು ಮಾತ್ರ ಕಂಡಿರಲಿಲ್ಲ.

ಕಾಣಿಸಿದವರು ನನ್ನ ಅತ್ತೆ ಗೌರವ್ವ.

ಗೋವಾ ನಮ್ಮ ದೇಶದ್ದಾಗಿ ಒಂದೆರಡು ವರ್ಷ ಕಳೆದಿತ್ತು. ನನ್ನ ಗಂಡ ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿದ್ದರು. ಒಂದು ಸಂಜೆ ಊಟಕ್ಕೆ ಕುಳಿತಾಗ ಯಾರೋ ಹೇಳಿದ್ದನ್ನು ಹೇಳಿದರು: ಮಾರ್ಮಗೋವಾ ಬಂದರಿಗೆ ಒಮ್ಮೊಮ್ಮೆ ಪರದೇಶದ ಪ್ರವಾಸಿಗಳ ಹಡಗು ಬರುತ್ತದೆ, ಜನ ಬೆಳಿಗ್ಗೆ ಇಳಿಯುತ್ತಾರೆ, ಊರು ಸುತ್ತುತ್ತಾರೆ, ಅಲ್ಲಿಷ್ಟು ಇಲ್ಲಿಷ್ಟು ರುಚಿ ನೋಡುತ್ತಾರೆ, ಸಂಜೆ ಮತ್ತೆ ಹಡಗು ಹತ್ತುತ್ತಾರೆ.

ರೊಟ್ಟಿ ಬಡಿಸುತ್ತಿದ್ದ ಅತ್ತೆ ಅಲ್ಲಿಯೇ ನಿಂತರು.

"ಬರೇ ರುಚಿ ನೋಡಾಕ ಇಳೀತಾರ?"

"ಹೂನವ್ವಾ."

"ಹೆಣಮಕ್ಕಳೂ?"

"ಹೆಣಮಕ್ಕಳ ಹೆಚ್ಚಂತ."

"ಮತ್ತ ಅಡಿಗಿ ಯಾರ ಮಾಡ್ತಾರ?"

ನನ್ನ ಗಂಡ ರೊಟ್ಟಿ ಮುರಿದರು. "ಯಾರೋ ಮಾಡ್ತಾರ. ಅವ್ರಂತೂ ಮಾಡೂದಿಲ್ಲ."

"ಅಷ್ಟಾದ್ರ ಆತು," ಎಂದರು ಅತ್ತೆ. "ನಾವೂ ಹೋಗೂಣು."

ಈ ಮಾತಿನ ಭಾರ ತಿಳಿಯಬೇಕಾದರೆ ನಮ್ಮ ಮನೆಯ ಊಟದ ಕ್ರಮ ತಿಳಿದಿರಬೇಕು. ಹತ್ತಿ ವ್ಯಾಪಾರದ ಮನೆ. ಮಾವ ಮತ್ತು ಅವರ ತಮ್ಮ ಬಸಣ್ಣ ಕಾಕಾ ಅಂಗಡಿಯಿಂದ ಬಂದು ಮೊದಲು ಉಣ್ಣುವರು. ಆಮೇಲೆ ನನ್ನ ಗಂಡ, ಬಂದವರು ಹೋದವರು, ಆಮೇಲೆ ಮಕ್ಕಳು, ಆಮೇಲೆ ನಾನು. ಎಲ್ಲರದೂ ಮುಗಿದ ಮೇಲೆ ಅತ್ತೆ ಒಲೆಯ ಪಕ್ಕದಲ್ಲಿ ಮಣೆಯೂ ಇಲ್ಲದೆ ಕುಳಿತು, ಪಾತ್ರೆಯ ತಳದಲ್ಲಿ ಏನಿದೆಯೋ ಅದನ್ನು ಉಣ್ಣುವರು. ಮದುವೆಯಾಗಿ ಬಂದಂದಿನಿಂದ ಹೀಗೆಯೇ. ಅವರ ಕೈಯಡುಗೆಯನ್ನು ಹುಬ್ಬಳ್ಳಿಯ ಅರ್ಧ ಪೇಟೆ ಹೊಗಳುತ್ತಿತ್ತು. ಅದು ಬಿಸಿಯಾಗಿದ್ದಾಗ ಹೇಗಿರುತ್ತದೆ ಎಂದು ತಿಳಿಯದೇ ಇದ್ದವರು ಅವರೊಬ್ಬರೇ.

ಯೋಜನೆ ಹಾಕುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಕೋಟೆ, ದೀಪಸ್ತಂಭ, ನದಿ ಸಮುದ್ರ ಸೇರುವ ಜಾಗ ಎಂದು ನಾನು ಪಾಠದ ಧಾಟಿಯಲ್ಲಿ ಶುರುಮಾಡಿದೆ. ಕಾಳು ಆರಿಸುತ್ತಿದ್ದ ಅತ್ತೆ ನಡುವೆಯೇ ತಡೆದರು.

"ನನಗ ಎರಡ ಬೇಕವಾ. ಒಂದು, ಹಡಗ ನೋಡಬೇಕು. ಇನ್ನೊಂದು, ಕುರ್ಚಿ ಮ್ಯಾಲ ಕುಂದರಬೇಕು. ಮತ್ತೊಬ್ರು ಮಾಡಿದ್ದು ಬಿಸಿಬಿಸಿ ಬರಬೇಕು. ಯಾರೂ ತಿನ್ನೂಕಿಂತ ಮೊದಲ ನಾ ತಿನ್ನಬೇಕು."

ನಮ್ಮ ಹಳೆಯ ಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳು ಇರಲೇಬೇಕಂತೆ, ಅವುಗಳಲ್ಲಿ ಸಮುದ್ರವೂ ಒಂದು. ನನ್ನ ಹಾಗೆಯೇ ಸಮುದ್ರವನ್ನು ಕಾಣದ ಬಯಲುಸೀಮೆಯ ಕವಿಗಳೂ ಅದನ್ನು ಪುಟಗಟ್ಟಲೆ ಬಣ್ಣಿಸಿದ್ದಾರು. ಹೆಂಗಸೊಬ್ಬಳು ಕುರ್ಚಿಯ ಮೇಲೆ ಕುಳಿತು ಬಿಸಿಯಾದದ್ದನ್ನು ಉಣ್ಣುವ ವರ್ಣನೆ ಮಾತ್ರ ಆ ಹದಿನೆಂಟರಲ್ಲಿ ಇಲ್ಲ. ಹತ್ತೊಂಬತ್ತನೆಯದಾಗಿ ಸೇರಿಸಬಹುದಿತ್ತು. ಯಾರಿಗೂ ತೋಚಲಿಲ್ಲ.

ಮಾವ ಬೇಡವೆನ್ನಲಿಲ್ಲ. "ಬಸಣ್ಣ ಸಂಗಾಟ ಬರ್ತಾನ," ಎಂದರು. ನನ್ನ ಗಂಡನಿಗೆ ರಜೆ ಇರಲಿಲ್ಲ. ಬಸಣ್ಣ ಕಾಕಾ ಬಂದರೆಂದರೆ ಯೋಜನೆಯೂ ಅವರದೇ ಆಗುತ್ತದೆ. ಗುಡಿಗಳೆರಡು ಬಂದು ಸೇರಿದವು. ಬಂದರಿನ ಪಕ್ಕದ ವಾಸ್ಕೋದಲ್ಲಿ ನೆಲೆಸಿದ್ದ, ಅವರ ಪರಿಚಯದ ವ್ಯಾಪಾರಿಯೊಬ್ಬರ ಮನೆಯೂ ಸೇರಿತು. ರೈಲು ಲೋಂಡಾ ದಾಟಿ, ಬೆಳಕು ಹರಿಯುವಾಗ ದೂಧಸಾಗರದ ಜಲಪಾತದ ತುಂತುರು ಕಿಟಕಿಯಿಂದ ಮುಖಕ್ಕೆ ಬಡಿಯುತ್ತಿದ್ದಾಗ, ಸೀಟಿನ ಕೆಳಗಿದ್ದ ಚೀಲವೊಂದು ಅತ್ತೆಯ ಕಾಲಿಗೆ ತಾಗಿತು. ಬಿಚ್ಚಿ ನೋಡಿದರೆ ಜೋಳದ ಹಿಟ್ಟು.

"ಇದ್ಯಾಕೋ ಬಸಣ್ಣ?"

"ಅವ್ರ ಮನ್ಯಾಗ ನೀವಿಬ್ರೂ ನಾಕ ರೊಟ್ಟಿ ಬಡದ್ರ ಊಟ ಆಕ್ಕೈತಿ ನೋಡ್ರಿ, ವೈನೀರ. ಊರ ಬಿಟ್ಟ ಊರಿಗೆ ಬಂದು ಹೊರಗ ತಿನ್ನಬಾರದು."

ಅತ್ತೆ ಚೀಲದ ಬಾಯಿಯನ್ನು ಬಿಗಿಯಾಗಿ ಗಂಟು ಹಾಕಿ ಕಟ್ಟಿದರು. ಈ ಬಸಣ್ಣನಿಗೆ ಎಂಟು ವರ್ಷವಿದ್ದಾಗ ಅವರು ಸೊಸೆಯಾಗಿ ಬಂದು, ತುತ್ತು ಮಾಡಿ ಉಣಿಸಿದವರು. ಆ ಗಂಟು ನನಗೆ ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ಬಂದರಿನಲ್ಲಿ ಹಡಗು ನಿಜವಾಗಿಯೂ ನಿಂತಿತ್ತು. ಬಿಳಿಯ ಬಣ್ಣ, ಸಾಲುಸಾಲು ಕಿಟಕಿ. ನಮ್ಮ ಓಣಿಯನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗೆ. ಅತ್ತೆ ಮೆಟ್ಟಿಲಿಳಿದು ಹೋಗಿ ನೀರಿಗೆ ಬೆರಳದ್ದಿ ನಾಲಗೆಗಿಟ್ಟುಕೊಂಡರು. "ಉಪ್ಪ ಭಾಳ ಆಗೈತಿ," ಎಂದು ಅಡುಗೆಯವರ ತೀರ್ಪು ಕೊಟ್ಟರು. ನನ್ನ ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು.

ಹಡಗಿನಿಂದ ಇಳಿದ ಹೆಂಗಸರು ಟೋಪಿ ಹಾಕಿಕೊಂಡು ನೆರಳಲ್ಲಿ ಕುಳಿತಿದ್ದರು. ತಲೆ ನೆರೆತವರೇ ಹೆಚ್ಚು. ಒಬ್ಬಳು ಎಳನೀರು ಕುಡಿದು ಪಕ್ಕದವಳಿಗೆ ಕೊಟ್ಟಳು, ಅವಳು ಗೇರುಹಣ್ಣು ಕಚ್ಚಿ ಒಗರಿಗೆ ಮುಖ ಕಿವುಚಿದಳು, ಎಲ್ಲರೂ ನಕ್ಕರು. ಅತ್ತೆ ಹಡಗನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅವರನ್ನು ನೋಡಿದರು.

"ಲಗೂ ನಡೀರಿ," ಎಂದು ಕಾಕಾ ಚೀಲ ಹೊತ್ತುಕೊಂಡು ಅವಸರ ಮಾಡಿದರು. "ಅವ್ರ ಮನ್ಯಾಗ ಒಲಿ ಹಚ್ಚಿ ಕಾಯಾಕತ್ತಿರ್ತಾರ."

ಅತ್ತೆ ನಡೆದರು, ಆದರೆ ರಸ್ತೆ ದಾಟಿ ಎದುರಿನ ಸಸ್ಯಾಹಾರಿ ಹೋಟೆಲಿನತ್ತ. ಬಾಗಿಲಿಗೆ ಹತ್ತಿರದ ಕುರ್ಚಿಯನ್ನೇ ಎಳೆದು, ಬೀದಿಗೆ ಮುಖಮಾಡಿ ಕುಳಿತರು. ಬೆಳಗಿನ ಲಿಂಗಪೂಜೆ ಸ್ಟೇಷನ್ನಿನಲ್ಲಿಯೇ ಮುಗಿದಿತ್ತು; ಇನ್ನು ಉಣ್ಣಲು ಯಾವ ಕಟ್ಟೂ ಉಳಿದಿರಲಿಲ್ಲ. ನನ್ನ ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ದೇಶದೇಶಗಳ ಗಡಿ ಕಲಿಸುವವಳು ಒಂದು ಹೊಸ್ತಿಲಿನ ಮೇಲೆ ಸಿಕ್ಕಿಕೊಂಡಿದ್ದೆ.

"ಬಾ, ಕುಂದ್ರು," ಎಂದರು ಅತ್ತೆ. ಕುಳಿತೆ.

"ವೈನೀರ, ಏನಿದು? ಗಂಡಸ ನಾ ನಿಂತೇನಿ, ನೀವು ಕುಂತೀರಿ. ಮಂದಿ ನೋಡಾಕತ್ತಾರ."

"ನೋಡ್ಲಿ. ನಾನೂ ಮಂದೀನ ನೋಡಾಕ ಬಂದೇನಿ."

ತಟ್ಟೆ ಬಂತು. ಹೊಗೆಯಾಡುವ ಬಟಾಣಿ ಭಾಜಿ, ಪಕ್ಕದಲ್ಲಿ ಆಗತಾನೆ ಭಟ್ಟಿಯಿಂದ ಬಂದ ಪಾವ್. ಕಾಕಾನ ಮುಖ ಬಿಳಿಚಿತು.

"ಅದು ಕಿರಿಸ್ತಾನರ ರೊಟ್ಟಿ! ಅದನ್ನ ತಿಂದ್ರ ಕುಲಾ ಹೋಗತೈತಿ!"

ಅತ್ತೆ ಪಾವನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದ ಜಾಗ ಒಳಗೆ ಹೋಗಿ ಮೆಲ್ಲಗೆ ಮೇಲೆದ್ದಿತು.

"ಕುಲಾ ಇಷ್ಟ ಮೆತ್ತಗಿದ್ರ ಹೋಗ್ಲಿ ಬಿಡೋ, ಬಸಣ್ಣ."

"ಅಣ್ಣಗ ಹೇಳ್ತೇನಿ."

"ಹೇಳು. ಬಿಸಿ ಇತ್ತು ಅನ್ನೂದನ್ನ ಮರೀಬ್ಯಾಡ."

ಕಾಕಾ ಸಿಟ್ಟಿನಿಂದ ಚೀಲದೊಡನೆ ಪರಿಚಯದವರ ಮನೆಗೆ ಹೊರಟುಹೋದರು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು, ಮತ್ತು ನಾಲಗೆ ಸುಟ್ಟುಕೊಂಡರು. ಬಿಸಿಯಾದದ್ದನ್ನು ಊದಿ ತಿನ್ನಬೇಕೆಂಬ ರೂಢಿಯೇ ಅವರಿಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. "ಖಾರ ಆತೇನ್ರಿ, ಅತ್ತೆವ್ವ?" ಎಂದೆ.

"ಖಾರಲ್ಲವಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಿಸಿ."

ಎರಡನೆಯ ತುತ್ತನ್ನು ಊದಿದರು. ಆಮೇಲೆ ಬನ್ಸ್ ತರಿಸಿದರು, ಹುಳಿಯಾದ ಕೋಕಂ ನೀರು ತರಿಸಿದರು, ಅದು ಇಷ್ಟವಾಗದೆ ನನ್ನತ್ತ ಸರಿಸಿದರು. ಇಷ್ಟವಾಗದ್ದನ್ನು ಬಿಡಬಹುದು ಎಂಬುದೂ ಅಂದು ಅವರಿಗೆ ಹೊಸ ರುಚಿಯೇ.

ನಾವು ಚಹಾ ಕುಡಿಯುವ ಹೊತ್ತಿಗೆ ಕಾಕಾ ಬೆವರಿಳಿಸುತ್ತ ಮರಳಿ ಬಂದರು. ಪರಿಚಯದವರ ಮನೆಗೆ ಬೀಗ. ಆ ಮನೆಯಾಕೆ ಓಣಿಯ ಹೆಂಗಸರೊಂದಿಗೆ ಹಡಗು ನೋಡಲು ಹೋಗಿದ್ದಳಂತೆ. ಅತ್ತೆ ನಗಲಿಲ್ಲ, ಅದು ಅವರ ದೊಡ್ಡತನ. ನಾನು ನಕ್ಕೆ. "ಇವ್ರಿಗೊಂದ ತಾಟ ಕೊಡ್ರಿ," ಎಂದು ಅತ್ತೆ ಒಳಗೆ ಕೂಗಿ ಹೇಳಿದರು. ಕಾಕಾ ಬೀದಿಗೆ ಬೆನ್ನುಮಾಡಿ ಕುಳಿತು ಮೂರು ಪಾವ್ ತಿಂದರು. ಕುಲದ ಸುದ್ದಿ ಮತ್ತೆ ಬರಲಿಲ್ಲ.

ಆದರೂ ಊರಿಗೆ ಬಂದವರೇ ಕಾಕಾ ಅಣ್ಣನಿಗೆ ವರದಿ ಒಪ್ಪಿಸಿದರು. ಮರುದಿನ ಮಧ್ಯಾಹ್ನ ಮಾವ ಬಿಗಿದ ಮುಖದಿಂದ ಊಟಕ್ಕೆ ಬಂದರೆ, ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ನಡುವೆ, ಮಣೆಗಳು ಸುತ್ತ. ಒಂದು ಮಣೆಯ ಮೇಲೆ ಅತ್ತೆ, ಪಕ್ಕದ್ದು ನನಗೆ.

"ಏನಿದು?" ಎಂದರು ಮಾವ.

"ಊಟ."

"ಬಡಸವ್ರು ಯಾರು?"

"ಎಲ್ಲಾರಿಗೂ ಕೈ ಅದಾವ," ಎಂದು ಅತ್ತೆ ತಮ್ಮ ರೊಟ್ಟಿಯನ್ನು ಮುರಿದರು. ಮೊದಲ ತುತ್ತನ್ನು ಊದಿ ಬಾಯಿಗಿಟ್ಟುಕೊಂಡರು.

ಮಾವ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಆಮೇಲೆ ಕುಳಿತು, ಪಾತ್ರೆ ಎಳೆದುಕೊಂಡು ಅನ್ನ ಬಡಿಸಿಕೊಂಡರು. ಎಷ್ಟು ಬೇಕೆಂದು ಗೊತ್ತಾಗದೆ ತಾಟಿನ ತುಂಬ ಸುರುವಿಕೊಂಡು ಪೇಚಾಡಿದರು. ಅಷ್ಟು ವರ್ಷ ಅವರ ಹಸಿವಿನ ಅಳತೆ ಅತ್ತೆಗೆ ಗೊತ್ತಿತ್ತು, ಅವರಿಗೇ ಗೊತ್ತಿರಲಿಲ್ಲ.

ಬಸಣ್ಣ ಕಾಕಾ ಮಾತ್ರ ಮಣಿಯಲಿಲ್ಲ. ಹೆಂಗಸರ ಪಂಕ್ತಿಯಲ್ಲಿ ಕೂರುವುದಿಲ್ಲವೆಂದು ತಾಟನ್ನು ಪಡಸಾಲೆಗೆ ಒಯ್ದು ಒಬ್ಬರೇ ಉಣ್ಣತೊಡಗಿದರು. ಯಾರೂ ಕರೆಯಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಪಡಸಾಲೆಗೆ ಒಯ್ಯುವಷ್ಟರಲ್ಲಿ ಸಾರು ಆರಿಹೋಗುತ್ತದಂತೆ. ಅತ್ತೆ ಸರಿದು ಜಾಗ ಮಾಡಿಕೊಟ್ಟರು.