ಮಗುಚಿದ ದೋಣಿಯ ತಳಕ್ಕೆ ಮೂರು ಬಡಿತ

ಕಳೆದ ಡಿಸೆಂಬರ್ ಮೊದಲ ವಾರ, ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಹೋಂಸ್ಟೇಯೊಂದರಲ್ಲಿ ಈಜುಕೊಳದ ಪಕ್ಕದ ಸ್ಟೋರ್ ರೂಮನ್ನು ಖಾಲಿ ಮಾಡಿದರು. ಬೇರೊಂದು ವರದಿಗಾಗಿ ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. ಹೊರಗೆ ತಂದಿಟ್ಟ ಸಾಮಾನಿನಲ್ಲಿ ಒಂದು ಕಪ್ಪು ರಬ್ಬರ್ ಸ್ಕರ್ಟ್ ಇತ್ತು. ಕಯಾಕ್ ಎಂಬ ಒಬ್ಬರೇ ಕೂರುವ ಕಿರುದೋಣಿ ನಡೆಸುವವರು ಅದನ್ನು ಸೊಂಟಕ್ಕೆ ತೊಟ್ಟು, ನೀರು ಒಳಗೆ ನುಗ್ಗದಂತೆ ಅಂಚನ್ನು ದೋಣಿಯ ಬಾಯಿಗೆ ಬಿಗಿದುಕೊಳ್ಳುತ್ತಾರೆ. ಎತ್ತಿ ನೋಡಿದೆ. ಕ್ಲೋರಿನ್, ಹಳೆಯ ರಬ್ಬರ್, ಜೊತೆಗೆ ಕಣದಲ್ಲಿ ಒಣಗುವ ಕಾಫಿಯ ಹುಳಿ ವಾಸನೆ... ಅದನ್ನು ಕೊನೆಯ ಬಾರಿ ಒಣಗಿಸಿದವರು ಯಾರೆಂದು ನಾನು ಕೇಳಬೇಕಾಗಿರಲಿಲ್ಲ.

ಅವರನ್ನು ನಾವೆಲ್ಲ ದೋಣಿ ಅಕ್ಕ ಎನ್ನುತ್ತಿದ್ದೆವು. ಸಂಸೆಯವರು. ಹಿಮಾಲಯದ ನದಿಗಳಲ್ಲಿ ಬಹಳ ವರ್ಷ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಮಾಡಿ, ಭುಜದ ನೋವು ಹೆಚ್ಚಾದ ಮೇಲೆ ಊರಿಗೆ ಮರಳಿದ್ದರು. ಮಳೆಗಾಲದ ಭದ್ರೆ ಹೊಸಬರಿಗೆ ತಕ್ಕುದಲ್ಲ, ಮಳೆ ನಿಂತು ಬಂಡೆಗಳು ಕಾಣತೊಡಗಿ, ನೀರಿನಲ್ಲಿ ಇನ್ನೂ ಓಟ ಉಳಿದಿರುವ ಚಳಿಗಾಲದ ಆರಂಭವೇ ಸರಿ ಎನ್ನುತ್ತಿದ್ದರು. ಅದಕ್ಕೂ ಮೊದಲು ಈಜುಕೊಳದ ಪಾಠ. ಆ ಚಳಿಯಲ್ಲಿ ಅತಿಥಿಗಳು ಬೆಳಿಗ್ಗೆ ಕೊಳದ ಹತ್ತಿರ ಸುಳಿಯುತ್ತಿರಲಿಲ್ಲವಾದ್ದರಿಂದ ಹೋಂಸ್ಟೇಯ ಮಾಲೀಕರು, ಅಂದರೆ ಆ ತೋಟದ ಸಾಹುಕಾರರು, ಅದನ್ನು ಅಕ್ಕನಿಗೆ ಬಿಟ್ಟುಕೊಟ್ಟಿದ್ದರು. ಒದ್ದೆ ಸ್ಕರ್ಟುಗಳನ್ನು ಅಕ್ಕ ಕಾಫಿ ಕಣದ ಅಂಚಿನಲ್ಲಿ ಹರಡುತ್ತಿದ್ದುದಕ್ಕೆ ಮಾತ್ರ ಅವರ ತಕರಾರಿತ್ತು.

"ನನ್ನ ಪಾರ್ಚ್‌ಮೆಂಟ್ ಬೀಜಕ್ಕೆ ರಬ್ಬರ್ ವಾಸನೆ ಹಿಡಿದ್ರೆ ಕಾಫಿ ನೀವೇ ಕುಡೀಬೇಕು, ನೋಡಿ."

"ಈಗೇನು ಚೆನ್ನಾಗಿರೋದು ಕೊಡ್ತಿದ್ದೀರಾ ಸಾರ್?" ಎಂದು ಅಕ್ಕ ಇನ್ನೊಂದು ಸ್ಕರ್ಟ್ ಹರಡುತ್ತಿದ್ದರು.

ನಾನು ಆಗ ಮೂಡಿಗೆರೆಯಲ್ಲಿ ತಾಲ್ಲೂಕು ವರದಿಗಾರ. ಹೊಳೆಯಲ್ಲಿ ಮುಳುಗಿದವರ ಸುದ್ದಿ ಪ್ರತಿ ವರ್ಷ ಬರೆಯುತ್ತಿದ್ದೆ. ಅಕ್ಕನ ತರಬೇತಿಯ ಬಗ್ಗೆ ಬರೆಯಲು ಹೋದಾಗ, "ದಡದಲ್ಲಿ ನಿಂತು ಎಂತ ಬರೀತೀರಿ ರಿಪೋರ್ಟರ್ರೇ? ಒಳಗೆ ಕೂತು ನೋಡಿ" ಎಂದರು. ಕೂತೆ. ಹಾಗೆ ಕಲಿಯುವವರ ಗುಂಪಿಗೆ ಸೇರಿದೆ.

ದೋಣಿ ಮಗುಚಿದರೆ ಕೂತವರು ಅದರೊಳಗೆ ಸಿಕ್ಕಿಕೊಂಡೇ ತಲೆಕೆಳಗಾಗುತ್ತಾರೆ. ಸ್ಕರ್ಟಿನ ಮುಂದಿನ ಪಟ್ಟಿ ಎಳೆದರೆ ಹೊರಗೆ ಜಾರಬಹುದು. ಇದನ್ನು ಎಲ್ಲರೂ ಬೇಗ ಕಲಿತೆವು. ಆದರೆ ಹೊಳೆಗೆ ಇಳಿಯಲು ಅಕ್ಕನ ಪರೀಕ್ಷೆ ಬೇರೆಯೇ ಇತ್ತು. ಪಟ್ಟಿ ಮುಟ್ಟಬಾರದು. ನೀರಿನಡಿಯಿಂದಲೇ ಕೈಗಳನ್ನು ಮೇಲಕ್ಕೆ ಚಾಚಿ, ಮಗುಚಿದ ದೋಣಿಯ ತಳಕ್ಕೆ ಮೂರು ಬಾರಿ ಬಡಿಯಬೇಕು. ಆಮೇಲೆ ಕೈಗಳನ್ನು ದೋಣಿಯ ಬದಿಗೆ ಆಡಿಸುತ್ತ ಕಾಯಬೇಕು. ಹತ್ತಿರದವರು ತಮ್ಮ ದೋಣಿಯ ಮೂತಿಯನ್ನು ತಂದು ಆ ಕೈಗೆ ಮುಟ್ಟಿಸುತ್ತಾರೆ. ಅದನ್ನು ಹಿಡಿದು ಸೊಂಟ ತಿರುಚಿದರೆ ದೋಣಿಯೊಂದಿಗೇ ಎದ್ದು ಕೂರಬಹುದು. ಬಂಡೆಗಳ ನಡುವೆ ದೋಣಿ ಬಿಟ್ಟು ಈಜುವುದು ಹೆಚ್ಚು ಅಪಾಯ ಎಂಬುದು ಅವರ ವಾದ.

ಸಾಹುಕಾರರೂ ಒಂದು ಬೆಳಿಗ್ಗೆ ಕಲಿಯಲು ಬಂದರು. ತೋಟ ಸುತ್ತಿ ಬಂದವರು ಗಂಬೂಟಿನಲ್ಲೇ ದೋಣಿಯೊಳಗೆ ತೂರಿ ಕೂತಿದ್ದು ಯಾರ ಗಮನಕ್ಕೂ ಬರಲಿಲ್ಲ. ದೋಣಿ ಮಗುಚಿತು. ಅವರು ಪಟ್ಟಿ ಎಳೆದರು, ಸ್ಕರ್ಟ್ ಬಿಚ್ಚಿತು, ನೀರು ತುಂಬಿದ ಬೂಟು ಮಾತ್ರ ಒಳಗೆ ಸಿಕ್ಕಿಕೊಂಡಿತು. ಅಕ್ಕ ನೀರಿಗೆ ಹಾರಿ ಅವರನ್ನು ಎಳೆದು ತಂದಾಗ ಒಂದು ಬೂಟು ದೋಣಿಯಲ್ಲೇ ಉಳಿದಿತ್ತು.

"ಬೂಟ್ ಯಾಕೆ ಸಾರ್?"

"ಅಭ್ಯಾಸ ಮಾರಾಯ್ತಿ. ಜಿಗಣೆ..."

"ಚಳಿಗಾಲದಲ್ಲಿ? ಈಜುಕೊಳದಲ್ಲಿ?"

ಸಾಹುಕಾರರು ಕೆಮ್ಮುತ್ತಲೇ ನಕ್ಕರು. ಅಂದಿನಿಂದ ಅಕ್ಕ ಎಲ್ಲರ ಪಾದ ನೋಡಿಯೇ ದೋಣಿ ಹತ್ತಿಸುತ್ತಿದ್ದರು.

ನನ್ನ ತೊಂದರೆ ಕಾಲಿನದಲ್ಲ. ತಲೆ ಕೆಳಗಾದ ಕೂಡಲೇ ನನ್ನ ಕೈ ಪಟ್ಟಿಗೆ ಹೋಗುತ್ತಿತ್ತು. ಪ್ರತಿ ಸಲವೂ ಅದೇ. ಉಳಿದವರು ಭಾನುವಾರ ಕಳಸದ ಕಡೆ ಹೊಳೆಗೆ ಇಳಿದಾಗ ನಾನು ದಡದಲ್ಲಿ ಕ್ಯಾಮೆರಾ ಹಿಡಿದು ನಡೆಯುತ್ತಿದ್ದೆ. ಒಮ್ಮೆ ಸಿಟ್ಟಿನಿಂದ, ನನಗೆ ನೀರಿನ ಹೆದರಿಕೆ ಇಲ್ಲ ಎಂದೆ.

"ಇಲ್ಲ, ಗೊತ್ತು. ಯಾರೂ ಬರಲ್ಲ ಅಂತ ನಿಮ್ಮ ತಲೇಲಿ ಕೂತುಬಿಟ್ಟಿದೆ ಮಾರಾಯ್ರೆ."

ನಾನು ಬರೆದ ಸುದ್ದಿಗಳಲ್ಲಿ ಯಾರೂ ಸಮಯಕ್ಕೆ ಬಂದಿರಲಿಲ್ಲ.

ಮರುದಿನದಿಂದ ಅಕ್ಕ ನನ್ನ ಪಕ್ಕದಲ್ಲೇ ದೋಣಿ ನಿಲ್ಲಿಸಿಕೊಂಡರು. ಮೊದಮೊದಲು ನಾನು ಬಡಿದ ಕೂಡಲೇ ಮೂತಿ ಕೈಗೆ ಸಿಗುತ್ತಿತ್ತು. ದಿನ ಕಳೆದಂತೆ ಸ್ವಲ್ಪ ದೂರದಿಂದ ಬಂದರು, ಸ್ವಲ್ಪ ತಡವಾಗಿ ಬಂದರು. ಆದರೆ ಬರದೆ ಇದ್ದ ಸಲ ಒಂದೂ ಇಲ್ಲ. ಕಾಫಿ ಕೊಯ್ಲು ಅರ್ಧ ಮುಗಿಯುವ ಹೊತ್ತಿಗೆ ನನ್ನ ಕೈ ಪಟ್ಟಿಯನ್ನು ಮರೆತಿತ್ತು. "ಭಾನುವಾರ ಬನ್ನಿ" ಎಂದಷ್ಟೇ ಹೇಳಿದರು.

ಆ ಭಾನುವಾರ ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನೀರು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎರಡನೆಯ ಇಳಿಜಾರಿನಲ್ಲಿ ನನ್ನ ದೋಣಿ ಬಂಡೆಗೆ ತಾಗಿ ಮಗುಚಿತು. ಹೆಲ್ಮೆಟ್ ಕಲ್ಲಿಗೆ ಬಡಿದದ್ದು ನೆನಪಿದೆ. ಕಣ್ಣಿಗೆ ಬರೀ ಬಿಳಿ ನೊರೆ... ಕೈಗಳು ಮೇಲೆ ಹೋದವು. ಬಡಿದೆ. ಕಾದೆ. ಆ ಕಾಯುವಿಕೆ ಎಷ್ಟು ಹೊತ್ತಿನದೆಂದು ಇಂದಿಗೂ ಹೇಳಲಾರೆ. ಮತ್ತೊಮ್ಮೆ ಬಡಿದೆ. ಎಡಗೈಗೆ ಗಟ್ಟಿಯಾದದ್ದೇನೋ ತಾಗಿತು. ಹಿಡಿದು ಎದ್ದೆ. ಎದುರಿಗೆ ಅಕ್ಕನ ಮುಖ. ನಾನು ಎದ್ದ ಜಾಗಕ್ಕಿಂತ ತುಸು ಕೆಳಗೆ, ಹೊಳೆಗೆ ಅಡ್ಡ ಬಿದ್ದ ಮರದ ಕೊಂಬೆಗಳ ನಡುವೆ ನೀರು ನುಗ್ಗುತ್ತಿತ್ತು. ದೋಣಿ ಬಿಟ್ಟು ಈಜಿದ್ದರೆ ನಾನು ಅದರೊಳಗೆ ಹೋಗುತ್ತಿದ್ದೆ.

"ಎಷ್ಟು ಜೋರಾಗಿ ಬಡೀತೀರಿ ಮಾರಾಯ್ರೆ. ದೋಣಿ ನಂದು."

ದಡದಲ್ಲಿ ಹಲ್ಲು ಕಟಕಟಿಸುತ್ತಲೇ ಅವರಿಗೆ ಥ್ಯಾಂಕ್ಸ್ ಹೇಳಿದೆ. ಫ್ಲಾಸ್ಕಿನ ಬೆಲ್ಲದ ಕಾಫಿ ಬಗ್ಗಿಸಿಕೊಟ್ಟು, ಕುಡಿದಾದ ಮೇಲೆ ಮರಳು ಹೋಗುವ ಹಾಗೆ ದೋಣಿ ತೊಳೆದಿಡಿ ಎಂದರು. ಬಲ ಭುಜವನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. ನನ್ನನ್ನು ತಲುಪಲು ಆ ನೀರಿನಲ್ಲಿ ಅವರು ಹೇಗೆ ಹುಟ್ಟು ಹಾಕಿದ್ದರೆಂಬುದು ಆಮೇಲೆ ಜೊತೆಯವರಿಂದ ತಿಳಿಯಿತು. ನಾನು ಬದುಕಿ ಇದನ್ನು ಬರೆಯುತ್ತಿರುವುದು ಅವರಿಂದ.

ಅಕ್ಕ ಎರಡು ವರ್ಷದ ಹಿಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಾಯಿಲೆಯಿಂದ ತೀರಿಕೊಂಡರು. ನಾನು ಸಂಸೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಬಳಿ ಕಲಿತವರು ಬಹಳ ಜನ ಬಂದಿದ್ದರು. ಹೆಚ್ಚಿನವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ಸ್ಟೋರ್ ರೂಮಿನಲ್ಲಿ ಈಗ ಜನರೇಟರ್ ಇದೆ. ದೋಣಿಗಳನ್ನು ಕಾಫಿ ಗೋದಾಮಿನ ಅಟ್ಟಕ್ಕೆ ಏರಿಸಲಾಗಿದೆ. ಕಲಿಸಲು ಬರುವಿರಾ ಎಂದು ದಾಂಡೇಲಿ ಕಡೆಯ ಹೊಳೆಯಲ್ಲಿ ದೋಣಿ ನಡೆಸುವ ಇಬ್ಬರನ್ನು ಸಾಹುಕಾರರು ಕೇಳಿದ್ದಾರೆ. ಒಬ್ಬರು ಆಗುವುದಿಲ್ಲ ಎಂದಿದ್ದಾರೆ. ಇನ್ನೊಬ್ಬರಿಂದ ಉತ್ತರ ಬಂದಿಲ್ಲ.