ಚಂದಯ್ಯನವರು ಎಳೆಯದ ಹಗ್ಗ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕಾರಾಗೃಹದ ಹೊರಬಾಗಿಲ ಮುಂದೆ ಬಿಳಿ ಕಾರೊಂದು ನಿಲ್ಲುತ್ತದೆ. ಮುಂಚಿತವಾಗಿ ತಿಳಿಸದೆ ತಪಾಸಣೆಗೆ ಬಂದವರು ನ್ಯಾಯಾಧೀಶೆ. ಗೇಟ್ ವಾರ್ಡರ್ ಚಂದಯ್ಯ ಸ್ಟೂಲಿನಿಂದ ಎದ್ದು ಕಿಂಡಿಯಲ್ಲಿ ಗುರುತಿನ ಚೀಟಿ ನೋಡುತ್ತಾರೆ. ಆಮೇಲೆ ಮಾಡುವ ಮೊದಲ ಕೆಲಸ ನಮಸ್ಕಾರವಲ್ಲ. ಗೋಡೆಯ ಗಡಿಯಾರ ನೋಡಿ, ಸಂದರ್ಶಕರ ಪುಸ್ತಕದಲ್ಲಿ ವೇಳೆ ಬರೆಯುತ್ತಾರೆ: 6.10.

ಪಕ್ಕದಲ್ಲಿ ನಿಂತ ಹೊಸ ವಾರ್ಡರ್ ಮನೀಷ್ ಅವರ ಕೈ ಗಂಟೆಯ ಹಗ್ಗದತ್ತ ಹೋಗುತ್ತದೆ. ನಲವತ್ತು ದಾಟಿದ ಅವರು ಬೇರೆ ಜೈಲಿನಿಂದ ವರ್ಗವಾಗಿ ಬಂದು ಎಂಟು ದಿನವಷ್ಟೇ ಆಗಿದೆ.

"ಹ್ವಾಯ್, ಅದೆಂತಕ್ಕೆ? ಮದಿ ದಿಬ್ಬಣ ಬಂತಾ?" ಎನ್ನುತ್ತಾರೆ ಚಂದಯ್ಯ.

ಮನೀಷ್ ಕೈ ಕೆಳಗಿಳಿಸುತ್ತಾರೆ. ಹೊರಬಾಗಿಲು ತೆರೆದು ಮುಚ್ಚುತ್ತದೆ, ಒಳಬಾಗಿಲು ತೆರೆಯುತ್ತದೆ. ಪುಸ್ತಕದಲ್ಲಿ ಎರಡನೆಯ ವೇಳೆ: 6.11. ಒಳಗೆ ಗಂಜಿ ಈಗಷ್ಟೇ ಇಳಿದಿದೆ, ಮಲಗಿದವರು ಮಲಗಿಯೇ ಇದ್ದಾರೆ. ಬಂದವರಿಗೆ ಜೈಲು ಇದ್ದಂತೆಯೇ ಕಾಣುತ್ತದೆ. ಬೈಂದೂರು ಸಮೀಪದ ಯಡ್ತರೆಯ ಚಂದಯ್ಯನವರ ದುಡಿಮೆಯೆಲ್ಲ ಇಷ್ಟಕ್ಕಾಗಿ.

ನ್ಯಾಯಾಧೀಶರು, ಆರೋಗ್ಯಾಧಿಕಾರಿ, ನೇಮಕಗೊಂಡ ಸಂದರ್ಶಕರು ಕಾರಾಗೃಹಕ್ಕೆ ಹೇಳದೆ ಬರಬಹುದು. ಆದರೆ ಚಂದಯ್ಯ ಹಿಂದೆ ಇದ್ದ, ಘಟ್ಟದ ಮೇಲಿನ ಜೈಲಿನಲ್ಲಿ ಒಂದು ರೂಢಿಯಿತ್ತು. ಆ ಜೈಲಿನ ಹೆಸರು ಬರೆಯಬಾರದು ಎಂಬುದು ಅವರ ಷರತ್ತು. ಕೈದಿಯ ಮನೆಯವರು ಬಂದರೆ ಗಂಟೆಗೆ ಒಂದು ಪೆಟ್ಟು, ಸಾಮಾನು ಬಂದರೆ ಎರಡು, ತಪಾಸಣೆಗೆ ಅಧಿಕಾರಿ ಬಂದರೆ ಮೂರು. ಯಾವ ನಿಯಮದಲ್ಲೂ ಇಲ್ಲದ ಈ ಮೂರು ಪೆಟ್ಟು ಬಿದ್ದೊಡನೆ ಒಳಗೆ ಚಾಪೆ ಮಡಚಲಾಗುತ್ತಿತ್ತು, ಚರಂಡಿಗೆ ನೀರು ಬೀಳುತ್ತಿತ್ತು. ಬಂದವರು ಚಹಾ ಕುಡಿದು ಏಳುವಷ್ಟರಲ್ಲಿ ಎಲ್ಲವೂ ನೆಟ್ಟಗಾಗಿರುತ್ತಿತ್ತು.

ಹೋಟೆಲ್ ಕೆಲಸಕ್ಕೆಂದು ಘಟ್ಟ ಹತ್ತಿದ ಹೆಮ್ಮಾಡಿಯ ಶೇಖರ ಅಲ್ಲಿ ವಿಚಾರಣಾಧೀನ ಕೈದಿಯಾಗಿದ್ದರು. ಅವರ ಕಾಲಿನ ಗಾಯ ಕೊಳೆಯತೊಡಗಿತ್ತು. ಆಸ್ಪತ್ರೆಗೆ ಕಳಿಸುವ ಮಾತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿತ್ತು.

"ನಮ್ಮೂರ್ ಭಾಷಿ ಆಡು ಜನ ಅಲ್ಲಿ ಅವ್ರೊಬ್ರೇ" ಎನ್ನುತ್ತಾರೆ ಚಂದಯ್ಯ. "ಚಂದಣ್ಣ, ಕಾಲ್ ಉರಿತ್ತ್ ಅಂತಿದ್ರ್. ಜಡ್ಜ್ ಬಂದ್ರ್. ನಾನ್ ಮೂರ್ ಪೆಟ್ಟ್ ಹೊಡ್ದೆ. ಅವ್ರನ್ನ ಎತ್ಕಂಡ್ ಹೋಯಿ ದಿನಸಿ ಕೋಣಿ ಹಿಂದೆ ಮನ್ಗ್ಸಿದ್ರ್."

ಚಂದಯ್ಯ ಕೀಲಿಗೊಂಚಲನ್ನು ಮಡಿಲಲ್ಲಿಟ್ಟು ಮುಂದುವರಿಸುತ್ತಾರೆ.

"ಜಡ್ಜ್ ಎಲ್ಲವೂ ಕ್ರಮಬದ್ಧ ಅಂದೇಳಿ ಬರ್ದ್ ಹೋದ್ರ್. ಅವ್ರದ್ದ್ ಎಂತ ತಪ್ಪ್? ಗಂಟೆ ಹೊಡ್ದದ್ದ್ ನಾನ್."

ಹದಿನೇಳು ದಿನಗಳ ನಂತರ ಅದೇ ನ್ಯಾಯಾಧೀಶರು ಮತ್ತೆ ಬಂದರು. "ಕೈ ಹಗ್ಗದ್ ಮೇಲೇ ಇತ್ತ್. ಎಳುಕೆ ಆಯ್ಲಿಲ್ಲೆ" ಎನ್ನುತ್ತಾರೆ ಚಂದಯ್ಯ. ಬಾಗಿಲು ತೆರೆಯಿತು, ಜಗಲಿಯ ನೆಲದ ಮೇಲೆ ಶೇಖರ ಕಂಡರು. ಅದೇ ದಿನ ಅವರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಎರಡು ಬೆರಳು ಹೋದವು, ಕಾಲು ಉಳಿಯಿತು.

ಚಂದಯ್ಯನವರಿಗೆ ಮೆಮೊ ಬಂತು. ಅವರು ಕೊಟ್ಟ ಉತ್ತರ ಎರಡೇ ಸಾಲು: "ಬಂದವರಿಗೆ ತಡವಿಲ್ಲದೆ ಬಾಗಿಲು ತೆಗೆಯುವುದು ನನ್ನ ಕೆಲಸ. ಗಂಟೆ ಹೊಡೆಯುವ ನಿಯಮವಿದ್ದರೆ ತೋರಿಸಬೇಕು." ಯಾರೂ ತೋರಿಸಲಿಲ್ಲ. ಬದಲಿಗೆ ಮುಂದಿನ ಐದು ವರ್ಷಗಳಲ್ಲಿ ಮೂರು ಸಲ ವರ್ಗಾವಣೆ ಬಂತು.

"ಪಾತ್ರಿ ಎಲ್ಲ ಗೋಣಿ ಒಳ್ಗೇ ಇಟ್ಕಂಡಿದ್ದೆ, ಬಿಚ್ಚಿ ಎಂತ ಮಾಡುದ್ ಅಂದೇಳಿ" ಎಂದು ನಗುತ್ತಾರೆ ಪತ್ನಿ ಸರಸ. "ಗಂಟೆ ಹೊಡುಕೆ ನಿಮ್ಗೆ ಎಂತ ಕಷ್ಟ ಅಂದೇಳಿ ಬೈದದ್ದೂ ಇತ್ತ್. ಕೇಸ್ ಬಿದ್ದೋಯಿ, ಆ ಶೇಖರಣ್ಣ ಎರ್ಡ್ ಕಾಲಗೆ ನಡ್ಕಂಡ್ ನಮ್ಮನಿ ಮೆಟ್ಲ್ ಹತ್ತಿ ಬಂದ್ರಲೆ, ಅವತ್ತಿಂದ ಬೈಲಿಲ್ಲೆ."

ಬ್ರಹ್ಮಾವರದ ಆಚೆ ಇರುವ ಈಗಿನ ಕಾರಾಗೃಹಕ್ಕೆ ಬಂದು ಆರು ವರ್ಷ. ವಾರವಿಡೀ ಕ್ವಾರ್ಟರ್ಸ್ ವಾಸ, ರಜೆಯ ದಿನ ಮಾತ್ರ ಯಡ್ತರೆ. ಎಪ್ಪತ್ತಮೂರು ಕೈದಿಗಳು, ಹದಿನಾಲ್ಕು ಕೀಲಿಗಳು, ಒಂದು ಪಾಳಿಯಲ್ಲಿ ನೂರಿಪ್ಪತ್ತು ಸಲವಾದರೂ ತೆರೆದು ಮುಚ್ಚುವ ಬಾಗಿಲು. ಅವರ ಪಾಳಿಯಲ್ಲಿ ಇದುವರೆಗೆ ಇನ್ನೂರ ಹನ್ನೊಂದು ತಪಾಸಣೆಗಳು ನಡೆದಿವೆ. ಪ್ರತಿ ಬಾರಿಯೂ ಎರಡು ವೇಳೆ ಬರೆಯುತ್ತಾರೆ, ಬಂದದ್ದು ಮತ್ತು ಒಳಗೆ ಹೋದದ್ದು. ನಡುವಿನ ಅಂತರ ಎರಡು ನಿಮಿಷ ದಾಟಿದ್ದು ಒಮ್ಮೆ ಮಾತ್ರ. ಅಂದು ಬೀಗ ತುಕ್ಕು ಹಿಡಿದು ಮೂರು ನಿಮಿಷವಾಯಿತು.

"ಅದ್ ಮಳಿಗಾಲದ್ ತಪ್ಪ್, ನಂದಲ್ಲ." ಆದರೂ ಮರುದಿನದಿಂದ ಬೆಳಿಗ್ಗೆ ಬೀಗಕ್ಕೆ ತೆಂಗಿನೆಣ್ಣೆ ಬಿಡುವುದು ತಪ್ಪಿಲ್ಲ.

"ಮೊದಮೊದಲು ನನಗೂ ಸಿಟ್ಟು ಬರ್ತಿತ್ತು" ಎಂದು ಜೈಲರ್ ಪ್ರೇಮಾನಂದ ಒಪ್ಪಿಕೊಳ್ಳುತ್ತಾರೆ. "ಬಾಗಿಲಲ್ಲಿ ಈ ಮನುಷ್ಯ ಕೂತಿದ್ದಾರೆ ಅಂದ್ರೆ, ಚರಂಡಿ ದಿನಾ ತೊಳೆಸಲೇಬೇಕು!"

ಈ ತಿಂಗಳ ಕೊನೆಗೆ ಚಂದಯ್ಯ ನಿವೃತ್ತರಾಗುತ್ತಾರೆ. ಸ್ಟೂಲು ಮನೀಷ್ ಅವರಿಗೆ. ನಿಮ್ಮ ನೆನಪಿಗೆ ಆ ಹಗ್ಗವನ್ನೇ ಬಿಚ್ಚಿಸಿಬಿಡುತ್ತೇನೆ ಎಂದು ಜೈಲರ್ ಹೇಳಿದಾಗ ಚಂದಯ್ಯ ಒಪ್ಪಲಿಲ್ಲ.

"ಬೆಂಕಿ ಗಿಂಕಿ ಬಿದ್ರೆ ಗಂಟೆ ಬೇಕಲ್ದಾ? ಹಗ್ಗ ಇರ್ಲಿ. ಕೈಗೆ ಸಿಕ್ಕುವಲ್ಲೇ ಇರ್ಲಿ. ಇದ್ದೂ ಎಳಿದೆ ಕೂತ್ಕಂಬು ಜನ ಒಬ್ರ್ ಇಲ್ಲಿ ಬೇಕ್. ನಂಗ್ ಅಷ್ಟೇ ಆಸಿ."

ಒಂಬತ್ತರ ಹೊತ್ತಿಗೆ ಮತ್ತೆ ಬಾಗಿಲು ತಟ್ಟಿದ ಸದ್ದು. ಆರೋಗ್ಯಾಧಿಕಾರಿ ಬಂದಿದ್ದಾರೆ. ಚಂದಯ್ಯ ಬೇಕೆಂದೇ ಏಳುವುದಿಲ್ಲ. ಮನೀಷ್ ಕಿಂಡಿಯಲ್ಲಿ ನೋಡುತ್ತಾರೆ, ಗಡಿಯಾರ ನೋಡುತ್ತಾರೆ, 9.02 ಎಂದು ಬರೆಯುತ್ತಾರೆ. ಹಗ್ಗ ಅವರ ಹೆಗಲಿಗೆ ತಾಗುತ್ತಲೇ ಇದೆ. ಅವರ ಎರಡೂ ಕೈ ಕೀಲಿಯ ಮೇಲಿವೆ. ಹೊರಬಾಗಿಲು, ಒಳಬಾಗಿಲು. 9.03.

ಅವಸರದಲ್ಲಿ ಅವರು ಬಂದವರಿಗೆ ಕೈ ಮುಗಿಯುವುದನ್ನೇ ಮರೆತಿದ್ದಾರೆ.

"ನಮಸ್ಕಾರ ಆಮೇಲಾರೂ ಮಾಡ್ಬೇಕ್ ಮಾರಾಯ್ರೆ" ಎನ್ನುತ್ತಾರೆ ಚಂದಯ್ಯ, ಮುಖದ ತುಂಬ ನಗುತ್ತ.