ಯಾರಿಗೂ ಬೇಡದ ಫ್ಯಾಕ್ಸ್ ಕಾಲಂ

ಕಳೆದ ವರ್ಷ ಯುಗಾದಿಗೆ ಇನ್ನೂ ಒಂದು ವಾರವಿತ್ತು. ಚನ್ನಗಿರಿಯಲ್ಲಿ ನಮ್ಮದೊಂದು ಔಷಧಿ ಅಂಗಡಿ. ಹೊನ್ನಾಳಿ, ನ್ಯಾಮತಿಯಲ್ಲಿ ಒಂದೊಂದು ಶಾಖೆ. ಮೂರೂ ಕಡೆ ಯಾವ ಔಷಧಿ ಯಾರಿಗೆ ಹೋಯಿತೆಂಬುದು ಒಂದೇ ಸಾಫ್ಟ್‌ವೇರಿನಲ್ಲಿ ಸೇರುತ್ತದೆ. ಮನೆಗೆಲಸ ಮುಗಿಸಿ ಅದನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಕಂಡರೆ ಹೆದರುವುದಿಲ್ಲ ಎಂದು ಯಜಮಾನರು ಪಾಸ್‌ವರ್ಡನ್ನೂ ನನಗೇ ಕೊಟ್ಟಿದ್ದರು.

ಅವತ್ತು ಬೆಳಿಗ್ಗೆ ಔಷಧಿ ಕಂಪನಿಯಿಂದ ತುರ್ತು ಸಂದೇಶ ಬಂತು. ಹಸುಗೂಸುಗಳ ಜ್ವರದ ಡ್ರಾಪ್ಸ್‌ನ ಒಂದು ಬ್ಯಾಚಿನಲ್ಲಿ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ತೀವ್ರತೆಯ ಔಷಧಿ ಸೇರಿದೆ, ಒಯ್ದವರಿಗೆಲ್ಲ ಕೂಡಲೇ ತಿಳಿಸಿ, ಮಕ್ಕಳಿಗೆ ಹಾಕದಂತೆ ತಡೆಯಿರಿ ಎಂದು.

"ಬ್ಯಾಚ್ ನಂಬರ್ ಹಾಕಿ ಪಟ್ಟಿ ತೆಗಿ. ಯಾರ‍್ಯಾರು ಒಯ್ದಾರೆ ನೋಡಾಣ," ಎಂದರು ಯಜಮಾನರು.

ಒತ್ತಿದೆ. ಹೆಸರುಗಳ ಜಾಗದಲ್ಲಿ ಕೆಂಪು ಅಕ್ಷರದ ಒಂದು ಸಾಲು: ಇಂಥ ಕಾಲಂ ಸಿಗುತ್ತಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆ. ಮತ್ತೆ ಅದೇ.

"ಏನಾದ್ರೂ ಮುಟ್ಟಿದ್ಯೇನು?"

"ಇಲ್ಲ ರೀ," ಎಂದುಬಿಟ್ಟೆ. ಆದರೆ ಆ ಸಾಲಿನ ಕೊನೆಯಲ್ಲಿದ್ದ ಪದ ನನಗೆ ಕಂಡಿತ್ತು. ಫ್ಯಾಕ್ಸ್.

ಹಿಂದಿನ ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದಿದ್ದೆ. ಅದೇ ಹುರುಪಿನಲ್ಲಿ ಸಂಜೆ ಕಂಪ್ಯೂಟರಿನ ಮುಂದೆಯೂ ಕೂತಿದ್ದೆ. ಗಿರಾಕಿಗಳ ವಿವರದಲ್ಲಿ ಫ್ಯಾಕ್ಸ್ ಎಂಬ ಕಾಲಂ ಇತ್ತು. ಮೊದಲಿಂದ ಕೊನೆಯವರೆಗೆ ಖಾಲಿ. ನಮ್ಮ ಊರುಗಳಲ್ಲಿ ಯಾರ ಮನೆಯಲ್ಲಿ ಫ್ಯಾಕ್ಸ್ ಇದೆ? ತೆಗೆದುಹಾಕಿದ್ದೆ.

ಸಾಫ್ಟ್‌ವೇರಿನವರ ಸಹಾಯದ ನಂಬರಿಗೆ ಮಾಡಿದೆ. ಎತ್ತಿದವಳು ರೇಷ್ಮಾ ಎಂಬ ಹುಡುಗಿ. ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಇವತ್ತು ರಜಾ ಹಾಕೀನಿ ಮೇಡಂ, ಮನ್ಯಾಗಿದ್ದೀನಿ. ಆಫೀಸಿನ ಫೋನು ಇಲ್ಲಿಗೇ ಬರ್ತೈತೆ. ಹೇಳ್ರಿ."

ಕೂಸುಗಳ ವಿಷಯ ಹೇಳಿದೆ. ಆಮೇಲೆ ಕುಕ್ಕರ್ ಎಷ್ಟು ಕೂಗಿದರೂ ಅವಳು ಎದ್ದಂತೆ ಕೇಳಿಸಲಿಲ್ಲ.

"ಕೆಂಪು ಸಾಲು ಪೂರ್ತಿ ಓದ್ರಿ."

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಕೊನೆಯ ಪದ ಬಿಟ್ಟು ಓದಿದೆ.

"ಯಾವ ಕಾಲಂ ಅಂತ ಐತಲ್ಲಕ್ಕಾ, ಅದನ್ನೇ ಬಿಟ್ರಿ."

ಮೇಡಂ ಹೋಗಿ ಅಕ್ಕ ಆಗಿತ್ತು. "ಫ್ಯಾಕ್ಸ್," ಎಂದೆ. "ನಿನ್ನೆ ನಾನೇ ತೆಗೆದೆ. ಖಾಲಿ ಇತ್ತಮ್ಮ."

ಯಜಮಾನರು ನನ್ನನ್ನೊಮ್ಮೆ ನೋಡಿದರು. ರೇಷ್ಮಾ ನಕ್ಕಳು. "ಅಷ್ಟೇನಾ? ನಾನೆಲ್ಲೋ ಡೇಟಾನೇ ಹೋತು ಅನ್ಕಂಡೆ. ನೀವು ನೋಡೋ ಪಟ್ಟಿಗೆ ವ್ಯೂ ಅಂತೀವಿ. ಅದು ಡೇಟಾ ಇಡೋ ಕಪಾಟಲ್ಲಕ್ಕಾ, ಕಪಾಟಿಂದ ಏನೇನು ತರಬೇಕು ಅನ್ನೋ ಚೀಟಿ. ಚೀಟಿಯಾಗ ಬರೆದಿರೋ ಒಂದು ಡಬ್ಬ ಸಿಗಲಿಲ್ಲ ಅಂದ್ರೆ ಉಳಿದಿದ್ದನ್ನೂ ತರಲ್ಲ, ಬರಿಗೈಲಿ ವಾಪಸ್ ಬರ್ತೈತೆ. ಅಷ್ಟು ಮೊಂಡು. ಚೀಟಿಯಾಗಿನ ಫ್ಯಾಕ್ಸ್ ಹೊಡೆದುಹಾಕಿದ್ರೆ ಆತು."

ಮನೆಯಲ್ಲಿದ್ದ ತನ್ನ ಲ್ಯಾಪ್‌ಟಾಪಿನಿಂದಲೇ ನಮ್ಮ ಕಂಪ್ಯೂಟರನ್ನು ಹಿಡಿದಳು. ಪರದೆಯ ಮೇಲೆ ಬಾಣ ತಾನೇ ಓಡಾಡಿತು. "ಮೊದ್ಲು ಎಲ್ಲದರದ್ದೂ ಒಂದು ಕಾಪಿ ತಗೊತೀನಿ, ಗಾಬರಿ ಆಗಬ್ಯಾಡ್ರಿ," ಎಂದಳು. ಸ್ವಲ್ಪ ಹೊತ್ತಿಗೆ ಹೆಸರುಗಳು ಸಾಲಾಗಿ ಇಳಿದವು. ಹನ್ನೊಂದು.

ಯಜಮಾನರು ಮೇಲಿನಿಂದ, ನಾನು ಕೆಳಗಿನಿಂದ ಫೋನ್ ಮಾಡುತ್ತ ಬಂದೆವು. ಸವಳಂಗದವರೊಬ್ಬರು ಮಾತ್ರ ಎತ್ತಲಿಲ್ಲ. ಮೂರನೇ ಸಲ ಎತ್ತಿದರು. ಹಿಂದೆ ಕೂಸು ಅಳುತ್ತಿತ್ತು.

"ಈಗ ಹಾಕಾಕೆ ಬಾಟ್ಲಿ ಅಲ್ಲಾಡಿಸ್ತಾ ಇದ್ದೆ ರೀ. ಫೋನು ಬೇರೆ ಬಡ್ಕಂತಿತ್ತು."

"ಹಾಕಬೇಡಿ. ಬಾಟ್ಲಿ ಕೆಳಗಿಡಿ," ಎಂದೆ. ಇಟ್ಟ ಸದ್ದು ಕೇಳಿಸಿತು. ನಾನು ಹಾಗೇ ಕುರ್ಚಿಗೆ ಒರಗಿದೆ.

ಎಲ್ಲರಿಗೂ ತಿಳಿಸಿಯಾಯಿತು ಎಂದು ಹೇಳಲು ಮತ್ತೆ ರೇಷ್ಮಾಗೆ ಮಾಡಿದೆ. "ನಿಮ್ಮ ಅನ್ನ?" ಎಂದು ಕೇಳಿದೆ.

"ತಳ ಹತ್ತೈತೆ ಅಕ್ಕ. ಮೇಲಿಂದು ಉಣ್ಣಾಕೆ ಬರ್ತೈತೆ ಬಿಡ್ರಿ."

ಅವಳ ಮುಖ ನಾನು ಇವತ್ತಿಗೂ ನೋಡಿಲ್ಲ. ಹಬ್ಬದ ಹಿಂದಿನ ದಿನ ಅವಳನ್ನೇ ಕೇಳಿ, ಯಜಮಾನರ ಕೈಲಿ ವಿಳಾಸ ಬರೆಸಿ ಅವಳಿಗೆ ಹೋಳಿಗೆ ಕಳಿಸಿದೆ. ಈ ವರ್ಷವೂ ಯುಗಾದಿಗೆ ಡಬ್ಬಗಳನ್ನು ಇಳಿಸಿ ತೊಳೆದೆ. ಖಾಲಿ ಇದ್ದವನ್ನು ಎಸೆಯುವ ಮೊದಲು ಮನೆಯವರನ್ನೆಲ್ಲ ಕೂಗಿ, "ಇದನ್ನು ಯಾರಾದರೂ ಹುಡುಕುತ್ತೀರಾ?" ಎಂದು ಕೇಳಿದೆ. ಯಜಮಾನರು ನಕ್ಕರು. ನಾನು ನಗಲಿಲ್ಲ, ಬಾಟ್ಲಿ ಕೆಳಗಿಟ್ಟ ಆ ಸದ್ದು ನೆನಪಾಗಿತ್ತು.